ಹುಬ್ಬಳ್ಳಿಯ ಕಿಲೋ ಅರಿವಿ ಅಂಗಡಿ: ಕೌದಿ ಹೊಲಿಯೋರು ಗಂಟು ತಗೋಬೇಕೋ, ಬಿಡಿ ಆರಿಸ್ಬೇಕೋ?

ದುರ್ಗದ ಬೈಲಿನ ಹಿಂದಿನ ಓಣ್ಯಾಗ ಒಂದು ಸಣ್ಣ ಅಂಗಡಿ ಐತ್ರಿ, ಬೋರ್ಡ್ ಇಲ್ಲ, ಬಾಗಲಕ್ಕ ಅರಿವಿ ಗಂಟು ಒರಗಿಸಿಟ್ಟಿರ್ತಾರ, ಅದ ಗುರ್ತು. ಗಾರ್ಮೆಂಟ್ ಫ್ಯಾಕ್ಟರಿಯಿಂದ ಉಳಿದು ಬಂದ ಕಟ್ ಪೀಸು, ಚಿಂದಿ ಎಲ್ಲಾ ಅಲ್ಲೆ ತೂಕದ ಮ್ಯಾಲ ಸಿಗ್ತಾವ. ಎರಡು ನಮೂನಿ ಮಾರ್ತಾರ. ಒಳಗ ನೆಲದ ಮ್ಯಾಲ ಸುರುವಿದ್ದನ್ನ ನಾವ ಕುಂತು ಆರಿಸಿ ತಗೊಂಡ್ರ ಕಿಲೋಕ್ಕ 140 ರೂಪಾಯಿ, ಹೊಲದು ಕಟ್ಟಿದ 10 ಕಿಲೋ ಗಂಟು ಬಿಚ್ಚದಂಗ ಹಂಗ ಎತ್ಕೊಂಡು ಹೋದ್ರ ಕಿಲೋಕ್ಕ 90. ಇದು ನಾ ಹೋದಾಗಿನ ರೇಟು. ಒಂದೂವರಿ ವರ್ಷದಿಂದ ಅಲ್ಲೆ ವ್ಯಾಪಾರ ಮಾಡಾಕತ್ತೀನಿ, ಮೊದ್ಲ ಒಬ್ಬಾಕಿನ ಹೋಗ್ತಿದ್ದೆ, ಈಗ ನಾವು ಐದು ಮಂದಿ ಸೇರಿ ಹೋಗ್ತೀವಿ, ಎರಡೂ ನಮೂನಿ ಮಾಡಿ ನೋಡೀನಿ, ಅದಕ್ಕ ಲೆಕ್ಕ ಸಮೇತ ಬರೀಬೇಕು ಅನ್ನಿಸ್ತು.

ಮೊದ್ಲ ಒಂದು ಮಾತು. ನಮ್ಮ ಅವ್ವನ ಕಾಲದಾಗ ಕೌದಿಗೆ ಯಾರೂ ಅರಿವಿ ಕೊಂಡು ತರ್ತಿರಲಿಲ್ಲ. ಉಟ್ಟು ಮೆತ್ತಗಾದ ಇಳಕಲ್ ಸೀರಿ, ಅಪ್ಪನ ಧೋತರ, ಹುಡುಗೂರ ಹರಕ ಅಂಗಿ, ಇಷ್ಟರಾಗ ಮನಿ ಮಂದಿಗೆಲ್ಲಾ ಕೌದಿ ಆಗ್ತಿದ್ವು. 9 ಗಜದ ಒಂದು ಹಳೆ ಸೀರಿ ಅಂದ್ರ ಎಂಟು ಮೀಟರ್ ಮ್ಯಾಲ ಅರಿವಿ, ಎರಡು ಎರಡು ಮೀಟರಿಗೆ ಹರಿದ್ರ ನಾಕು ತುಂಡು, ಜೋಡಿ ಜೋಡಿ ಹಚ್ಚಿದ್ರ ದೊಡ್ಡ ಕೌದಿಯ ಎರಡು ಪದರ ಅದರಾಗ ಬಂದ್ಬಿಡ್ತಿದ್ವು. ಈಗ ನಮ್ಮ ಮನ್ಯಾಗಿನ ಹಳೆ ಸೀರಿ ಅಂದ್ರ ಬಹುತೇಕ ಸಿಂಥೆಟಿಕ್ಕು, ಬೆವರು ಹೀರಂಗಿಲ್ಲ, ಸೂಜಿ ಜಾರ್ತೈತಿ, ಪದರ ಒಂದರ ಮ್ಯಾಲ ಒಂದು ನಿಲ್ಲಂಗಿಲ್ಲ. ಕಾಟನ್ ಬೇಕಂದ್ರ ಕೊಳ್ಳೂದ ಆಗೇತಿ. ನನ್ನ ಕೈಗೆ ಹೊಲಿಗಿ ಸಾಮಾನಿಗೆ ಅಂತ ತಿಂಗಳಿಗೆ 500 ರೂಪಾಯಿ ಮ್ಯಾಲ ಉಳಿಯಂಗಿಲ್ಲ, ಅದರಾಗ ದಾರ ಸೂಜಿ ಎಲ್ಲಾ ಬರಬೇಕು.

ಒಂದು ಕೌದಿಗೆ ಎಷ್ಟು ಅರಿವಿ ಬೇಕು ಅನ್ನೂದನ್ನ ಭಾಳ ಮಂದಿ ಅಂದಾಜಿನ ಮ್ಯಾಲ ತಗೊಂಡು ರೊಕ್ಕ ಹಾಳು ಮಾಡ್ಕೋತಾರ, ಹಿಂಗ ಲೆಕ್ಕ ಹಾಕ್ರಿ. ಒಬ್ಬರು ಹೊದಿಯೂ ಕೌದಿ ಸುಮಾರು 5 ಫೂಟು 7 ಫೂಟು. 5 ಇಂಚಿನ ಚೌಕ ಕತ್ತರಿಸಿ ನಾಕೂ ಕಡೆ ಕಾಲಿಂಚು ಹೊಲಿಗಿಗೆ ಬಿಟ್ರ ಕೈಗೆ ಉಳಿಯೂದು ನಾಕೂವರಿ ಇಂಚು, ಅಂದ್ರ ಅಡ್ಡ 13 ಉದ್ದ 19, ಒಟ್ಟು 247 ಚೌಕ. ಇಷ್ಟಕ್ಕ ಹೆಚ್ಚು ಕಡಿಮಿ 4 ಚದರ ಮೀಟರ್ ಅರಿವಿ. ಅಂಗಿ ಹೊಲಿಯೂ ಪಾಪ್ಲಿನ್ ಅರಿವಿ ಚದರ ಮೀಟರಿಗೆ 120 ಗ್ರಾಂ ಹತ್ರ ತೂಗ್ತೈತಿ, ಹಂಗಾಗಿ ಮ್ಯಾಲಿನ ಪದರಕ್ಕ ಅರ್ಧ ಕಿಲೋ ಛಲೋ ಅರಿವಿ ಸಾಕು. ಬರೇ ಅರ್ಧ ಕಿಲೋ! ಇದು ತಿಳಿಯೋಕಿಂತ ಮುಂಚೆ ನಾ ಎರಡು ಕಿಲೋ ತಂದು ಕಪಾಟಿನ್ಯಾಗ ತುಂಬ್ಕೊಂಡಿದ್ದೆ. ಯೂಟ್ಯೂಬಿನ್ಯಾಗ ತೋರ್ಸೂ ಅಮೆರಿಕದ ಚಾರ್ಮ್ ಪ್ಯಾಕ್ ಅಂತ ಇರ್ತಾವಲ್ಲ, 5 ಇಂಚಿನ ಚೌಕ ಕತ್ತರಿಸಿ ಜೋಡಿಸಿ ಕೊಟ್ಟಿದ್ದು, ಅದರಾಗ ಸಾಮಾನ್ಯ 42 ತುಂಡು ಇರ್ತಾವ, ಈ ಕೌದಿಗೆ ಅಂಥವು 6 ಪ್ಯಾಕ್ ಬೇಕು, ಅದು ನಮ್ಮಂಥೋರ ಕೈಗೆ ನಿಲುಕೂ ಮಾತಲ್ಲ, ಮತ್ತ ನಮಗ ಅದರ ಜರೂರೂ ಇಲ್ಲ.

ಈಗ ಅಂಗಡಿ ವಿಷಯಕ್ಕ ಬರ್ತೀನಿ. ಬಿಡಿ ಆರಿಸೂದು ಭಾಳ ಛಲೋ ಐತಿ, ಟೈಮ್ ಇದ್ರ. ಅಂಗಡಿ ಕಾಕಾ ಅವಸರ ಮಾಡಂಗಿಲ್ಲ, ಎರಡು ತಾಸು ಕುಂತ್ರೂ ಏನೂ ಅನ್ನಂಗಿಲ್ಲ, ಚಹಾ ಬಂದ್ರ ನಮಗೂ ಒಂದು ಕಪ್ಪು ಕೊಡ್ತಾರ. ಚೌಕಡಿ, ಗೆರಿ, ಸಣ್ಣ ಹೂವಿನವು ಹಿಂಗ ಬಣ್ಣ ನೋಡ್ಕೊಂಡು ಅರ್ಧ ಕಿಲೋ ಆರಿಸಿದ್ರ 70 ರೂಪಾಯಿಗೆ ಒಂದು ಕೌದಿಯ ಮ್ಯಾಲ್ಮೈ ಮುಗೀತು. ಅದ ಹೊಸಾ ಪಾಪ್ಲಿನ್ ಮೀಟರ್ ಲೆಕ್ಕದಾಗ ತಗೊಂಡ್ರ ನಾಕೂವರಿ ಮೀಟರ್ ಹತ್ರ ಬೇಕು, ನಮ್ಮ ಕಡೆ ಅದಕ್ಕ ಮುನ್ನೂರ ಐವತ್ತು ನಾನೂರು ಬೀಳ್ತೈತಿ, ಅದೂ ಒಂದ ಬಣ್ಣ.

ಹಂಗಿದ್ರೂ 90ರ ಗಂಟು ಕಂಡಾಗ ನನಗ ಆಸೆ ಆತು. 140 ಎಲ್ಲೆ 90 ಎಲ್ಲೆ ಅಂತ. ಕಾಕಾ ಮೊದ್ಲ ಹೇಳಿದ್ರು, “ಅಕ್ಕಾರ, ಗಂಟು ಬಿಚ್ಚಿ ತೋರ್ಸಂಗಿಲ್ಲ ನೋಡ್ರಿ, ಒಳಗ ಏನ್ ಬರ್ತೈತೋ ಅದು ನಿಮ್ದು, ಹೊಳ್ಳಿ ತಗೊಳ್ಳಂಗಿಲ್ಲ” ಅಂತ. ತಗೊಂಡೆ, 900 ರೂಪಾಯಿ ಕೊಟ್ಟು, ಆಟೋಕ್ಕ 80. ಮನಿಗೆ ಬಂದು ಬಿಚ್ಚಿದ್ರ ಅರ್ಧದಷ್ಟು ಕಾಟನ್, ಉಳಿದದ್ದು ಜೀನ್ಸ್ ತುಂಡು, ಲೈನಿಂಗ್, ಬನಿಯನ್ ಅರಿವಿ, ಕೊರಳು ತೋಳು ಕತ್ತರಿಸಿ ಉಳಿದ ಡೊಂಕ ಡೊಂಕ ಚೂರು. ನನಗ ಚೌಕಕ್ಕ ಬಂದದ್ದು 3 ಕಿಲೋ. 900ಕ್ಕ 3 ಕಿಲೋ ಅಂದ್ರ ಕಿಲೋಕ್ಕ 300 ಬಿತ್ತು, ಆಟೋ ಬ್ಯಾರೆ! ಬಿಡಿ ಆರಿಸಿದ್ರ 140ರಾಗ ಮುಗೀತಿತ್ತು. ಉಳಿದ ಚೀಲ ಎಂಟು ತಿಂಗಳು ಮಂಚದ ಕೆಳಗ ಬಿದ್ದಿತ್ತು, ಮಳಿಗಾಲದಾಗ ಮುಗ್ಗಲು ವಾಸನಿ ಹಿಡೀತು, ಗಂಟು ತಂದ ತಿಂಗಳು ನನಗ ದಾರ ತಗೊಳ್ಳಾಕೂ ರೊಕ್ಕ ಉಳಿಲಿಲ್ಲ, ಭಾಳ ಬ್ಯಾಸರ ಆಗಿತ್ತು.

ಅದಕ್ಕ ಒಬ್ಬರ ಇದ್ದೋರಿಗೆ ನಾ ಹೇಳೂದು ಇಷ್ಟ, ಗಂಟಿನ ತಂಟೆ ಬ್ಯಾಡ, ಕುಂತು ಆರಿಸಿ ತಗೋರಿ.

ಆದ್ರ ಐದು ಮಂದಿ ಆದ್ರ ಲೆಕ್ಕ ಪೂರ್ತಿ ತಿರುಗ್ತೈತಿ, ಯಾಕಂದ್ರ ನನಗ ಬ್ಯಾಡಾಗಿದ್ದು ಇನ್ನೊಬ್ಬಾಕಿಗೆ ಬೇಕಾಗಿರ್ತೈತಿ. ನಮ್ಮ ಓಣ್ಯಾಗ ನಾ ಚೌಕದ ಕೌದಿ ಹೊಲಿತೀನಿ, ಎದುರುಮನಿ ವೈನಿ ಜೀನ್ಸ್ ಚೀಲ ಹೊಲದು ಮಾರ್ತಾರ, ಮೂಲಿಮನಿ ಹುಡುಗಿ ಕೂಸಿನ ದುಬಟಿ ಕುಂಚಿಗಿ ಮಾಡ್ತಾಳ, ಇನ್ನೊಬ್ರು ಉದ್ದ ಪಟ್ಟಿ ಹೆಣದು ಕಾಲೊರಸು ಮಾಡ್ತಾರ, ಐದನೇದವ್ರು ಹಳಿಯಾಳದ ಕಡೆಯೋರು, ಅವ್ರ ಪದ್ಧತಿ ಬ್ಯಾರೆನ, ಅದನ್ನ ಮುಂದ ಹೇಳ್ತೀನಿ. ಹೋದ ವರ್ಷ ದೀಪಾವಳಿ ಆದಮ್ಯಾಲ ಮೊದ್ಲ ಸಲ ಕೂಡಿ ಒಂದು ಗಂಟು ತಂದ್ವಿ, ತಲೀಗೆ 180 ರೂಪಾಯಿ. ಮಾಳಿಗಿ ಮ್ಯಾಲ ಚಾಪಿ ಹಾಸಿ ಬಿಚ್ಚಿ, ಮನ್ಯಾಗಿನ ತಕ್ಕಡ್ಯಾಗ ತೂಗಿ ನೋಟ್‌ಬುಕ್ಕಿನ್ಯಾಗ ಬರದ್ವಿ. ಗೋಣಿ ತೂಕ ತೆಗೆದ್ರ ಒಳಗ ಇದ್ದದ್ದು 9 ಕಿಲೋ 700 ಗ್ರಾಂ. ಕಾಟನ್ ಐದೂವರಿ ಕಿಲೋ, ಪಾಲಿಯೆಸ್ಟರ್ ಮಿಕ್ಸ್ ಎರಡು ಕಿಲೋ, ಜೀನ್ಸ್ ಒಂದು, ಉಳಿದ 1 ಕಿಲೋ 200 ಲೈನಿಂಗ್ ಮತ್ತ ಬನಿಯನ್ ಅರಿವಿ. ಜೀನ್ಸ್ ಪೂರಾ ವೈನಿಗೆ, ಪಾಲಿಯೆಸ್ಟರ್ ಕಾಲೊರಸಿಗೆ, ಮೆತ್ತಗಿನ ಬನಿಯನ್ ಅರಿವಿ ಕೂಸಿನ ಸಾಮಾನಿಗೆ ಒಳಪದರ, ಕಾಟನ್ ದೊಡ್ಡ ತುಂಡು ನನಗ, ಡೊಂಕ ಚೂರು ಹಳಿಯಾಳದವ್ರಿಗೆ. ಸಂಜಿ ಅನ್ನೂದರಾಗ ಚಾಪಿ ಮ್ಯಾಲ ಬರೇ ದಾರ ಧೂಳು ಉಳಿದಿತ್ತು. ನನ್ನ 180ಕ್ಕ ನನಗ ಎರಡು ಕಿಲೋ ಮ್ಯಾಲ ಚೌಕದ ಅರಿವಿ ಸಿಕ್ತು, ಅಂದ್ರ ನಾಕು ಕೌದಿಯ ಮ್ಯಾಲ್ಮೈ. ಎಲ್ರೂ ಸಮ ರೊಕ್ಕ ಕೊಟ್ರೂ ಎಲ್ರಿಗೂ ಸಮ ತೂಕ ಬರಂಗಿಲ್ಲ, ಇದನ್ನ ಮೊದ್ಲ ಮಾತಾಡ್ಕೋಬೇಕು. ನಮ್ಮಲ್ಲೆ ಎರಡನೇ ಗಂಟಿನ್ಯಾಗ ಜೀನ್ಸ್ ಬರಲೇ ಇಲ್ಲ, ವೈನಿ ಮುಖ ಸಣ್ಣದು ಮಾಡ್ಕೊಂಡ್ರು, ಆವಾಗ ಅವ್ರ ಪಾಲಿನ 180 ಮುಂದಿನ ಗಂಟಿಗೆ ಹಿಡಿಯೂದು ಅಂತ ಬರ್ಕೊಂಡ್ವಿ. ನೋಟ್‌ಬುಕ್ ಇದ್ದದ್ದಕ್ಕ ಮನಸು ಕೆಡಲಿಲ್ಲ.

ತಂದ ಅರಿವಿ ಯಾವುದು ಕಾಟನ್ ಯಾವುದು ಅಲ್ಲ ಅಂತ ಕೈಯಾಗ ಹಿಡದ್ರ ಒಮ್ಮೊಮ್ಮೆ ಗೊತ್ತಾಗಂಗಿಲ್ಲ. ಒಂದು ಎಳಿ ಕಿತ್ತು ಚಿಮಟ್ಯಾಗ ಹಿಡದು ನೀರಿನ ತಾಟಿನ ಮ್ಯಾಲ ಸುಟ್ಟು ನೋಡ್ರಿ. ಕಾಟನ್ ಆದ್ರ ಕಾಗದ ಸುಟ್ಟ ವಾಸನಿ ಬಂದು ಬೂದಿ ಪುಡಿ ಪುಡಿ ಆಗ್ತೈತಿ, ಪಾಲಿಯೆಸ್ಟರ್ ಆದ್ರ ಮುದುಡಿ ಕರಗಿ ಗಟ್ಟಿ ಮಣಿಹಂಗ ಉಳೀತೈತಿ. ಮಿಕ್ಸ್ ಇದ್ರ ಎರಡೂ ಸ್ವಲ್ಪ ಸ್ವಲ್ಪ. ಎರಡನ್ನೂ ಒಂದ ಕೌದ್ಯಾಗ ಕೂಡಿಸಬ್ಯಾಡ್ರಿ, ಒಗದಾಗ ಕಾಟನ್ ಕುಗ್ತೈತಿ ಅದು ಕುಗ್ಗಂಗಿಲ್ಲ, ಹೊಲಿಗಿ ಸುಕ್ಕು ಸುಕ್ಕಾಗಿ ಎಳ್ಕೊಳ್ತೈತಿ. ಬಣ್ಣದ ಪರೀಕ್ಷಾ ಇನ್ನೂ ಮುಖ್ಯ. ಕೆಂಪು, ಕಡುನೀಲಿ, ಮರೂನ್ ಇವನ್ನ ಹಸಿ ಮಾಡಿ ಬಿಳಿ ಅರಿವಿ ನಡುವ ಇಟ್ಟು ಒತ್ತಿ ಅರ್ಧ ತಾಸು ಬಿಡ್ರಿ, ಬಣ್ಣ ಹತ್ತಿದ್ರ ಅದು ಕೌದಿಗೆ ಬ್ಯಾಡ. ನಾ ಇದನ್ನ ಮಾಡದ ನಮ್ಮ ಅಕ್ಕನ ಮಗಳ ಬಾಣಂತನಕ್ಕ ಅಂತ ಹೊಲದ ಕೌದ್ಯಾಗ ಒಂದ ಒಂದು ಸಾಲು ಕೆಂಪು ಚೌಕ ಹಚ್ಚಿದ್ದೆ, ಒಳಗ ಅಪ್ಪನ ಹಳೆ ಧೋತರ ಇತ್ತು, ಮೊದಲನೇ ಒಗ್ಯಾಣಕ್ಕ ಪೂರಾ ಕೌದಿ ಗುಲಾಬಿ ಬಣ್ಣಕ್ಕ ತಿರುಗ್ತು. ಅಪ್ಪ ಹೋಗಿ ಮೂರು ವರ್ಷ ಆಗಿತ್ತು, ಆ ಧೋತರ ನೆನಪಿಗೆ ಅಂತ ಇಟ್ಕೊಂಡಿದ್ದೆ. ಇದು ಅಂಗಡಿಯ ತಪ್ಪಲ್ಲ, ತೂಕದ ಅರಿವಿಗೆ ಬಣ್ಣದ ಗ್ಯಾರಂಟಿ ಯಾರೂ ಕೊಡಂಗಿಲ್ಲ. ಈಗ ಗಂಟು ಬಂದ ಕೂಡ್ಲೆ ಐದೂ ಮಂದಿ ಕೂಡಿ ಎಲ್ಲಾ ಅರಿವಿ ಒಂದ ದಿನ ನೆನಸಿ ಒಗದು ಒಣಹಾಕಿ ಆಮ್ಯಾಲ ಹಂಚ್ಕೋತೀವಿ.

ಸಾಮಾನಿನ ಬಗ್ಗೆ. ರೋಟರಿ ಕಟರ್, ಅದರ ಕೆಳಗಿನ ಮ್ಯಾಟು, ಉದ್ದನ ಅಕ್ರಿಲಿಕ್ ಸ್ಕೇಲು, ಈ ಮೂರು ಒಬ್ಬೊಬ್ರು ತಗೊಳ್ಳಾಕ ದುಬಾರಿ, ಕೂಡಿ ತಗೊಂಡ್ರ ಹಗುರ. ನಮಗ ಮೂರೂ ಸೇರಿ 2250 ಆತು, ತಲೀಗೆ 450. ಗಾಲಿಹಂಗ ತಿರುಗೂ ಈ ಕಟರನ್ನ ಜಪಾನಿನ ಓಲ್ಫಾ ಕಂಪನಿಯೋರು 1979ರಾಗ ಮೊದ್ಲ ತಂದ್ರು, ನಾವು ತಗೊಂಡದ್ದು ಅದಲ್ಲ, ಹೆಸರಿಲ್ಲದ ಸೋವಿ ಮಾಲು, 45 ಮಿಲಿಮೀಟರ್ ಬ್ಲೇಡಿಂದು. ಕೆಲಸಕ್ಕ ಏನೂ ಕಡಿಮಿ ಇಲ್ಲ, ಆರು ಪದರ ಕಾಟನ್ ಒಂದ ಸಲಕ್ಕ ಕತ್ತರಿಸ್ತೈತಿ. 247 ಚೌಕ ಕತ್ತರಿಲೆ ಕತ್ತರಿಸಾಕ ನನಗ ಎರಡು ಮಧ್ಯಾಹ್ನ ಹಿಡೀತಿತ್ತು, ಇದರಾಗ ಒಂದು ತಾಸು, ಮತ್ತ ಚೌಕ ಎಲ್ಲಾ ಒಂದ ಅಳತಿ, ಮೂಲಿ ಮೂಲಿ ಕೂಡ್ತಾವ. ಬ್ಲೇಡು ಗುಂಡಪಿನ್ನಿನ ಮ್ಯಾಲ ಹಾದ್ರ ಮಾತ್ರ ಮುಗೀತು, ಅಲ್ಲೊಂದು ಕಚ್ಚು ಬಿದ್ದು ಪ್ರತಿ ಸುತ್ತಿಗೂ ಅದ ಜಾಗದಾಗ ಒಂದು ಎಳಿ ಬಿಟ್ಕೋತ ಹೋಗ್ತೈತಿ. ಅದಕ್ಕ ಒಂದು ಕೌದಿಗೆ 20 ರೂಪಾಯಿ ಡಬ್ಬ್ಯಾಗ ಹಾಕೂದು ಅಂತ ಮಾಡೇವಿ, ಬ್ಲೇಡು ಅದರಾಗ ಬರ್ತೈತಿ. ಮ್ಯಾಟಿಗೆ ಬಿಸಿ ಆಗಿಬರಂಗಿಲ್ಲ. ಅದರ ಮ್ಯಾಲ ಇಸ್ತ್ರಿ ಮಾಡಬಾರದು, ಬಿಸಿಲಿಗೆ ಇಡಬಾರದು, ಸುರುಳಿ ಸುತ್ತಬಾರದು. ನಮ್ಮಾಕಿ ಒಬ್ಬಾಕಿ ಏಪ್ರಿಲ್ ಬಿಸಿಲಾಗ ಮಾಳಿಗಿ ಮ್ಯಾಲ ಮರ್ತು ಬಂದ್ಲು, ಒಂದು ಮೂಲಿ ಹಪ್ಪಳಹಂಗ ಎದ್ದು ನಿಂತೈತಿ, ಆ ಮೂಲಿ ಇನ್ನೂ ಕುಂತಿಲ್ಲ. ಈಗ ಮ್ಯಾಟು ಒಂದ ಮನ್ಯಾಗ ಮಂಚದ ಗಾದಿ ಕೆಳಗ ಸಪಾಟ ಇರ್ತೈತಿ, ಕತ್ತರಿಸೋರು ಅಲ್ಲೆ ಬಂದು ಕತ್ತರಿಸ್ಕೊಂಡು ಹೋಗಬೇಕು. ಕಟರಿನ ಬಾಯಿ ಮುಚ್ಚೂದು ಮರೀಬ್ಯಾಡ್ರಿ, ಸಣ್ಣ ಹುಡುಗೂರು ಇರೂ ಮನಿ ಎಲ್ಲಾ.

ಕತ್ತರಿ ಮಾತ್ರ ಹಂಚ್ಕೋಬ್ಯಾಡ್ರಿ. ಅರಿವಿ ಕತ್ತರಿ ಒಬ್ಬರ ಮನ್ಯಾಗ ಕಾಗದ ಕತ್ತರಿಸಿದ್ರ ಸಾಕು ಮೊಂಡ, ಆಮ್ಯಾಲ ಯಾರು ಮಾಡಿದ್ದು ಅನ್ನೂ ಮಾತು ಬರ್ತೈತಿ. ಸೂಜಿ, ಅಂಗುಸ್ತಾನ ಅವರವರ್ದು ಅವರವ್ರಿಗೆ.

ದಾರಕ್ಕ ಸಣ್ಣ ರೀಲು ತಗೋಬ್ಯಾಡ್ರಿ, ದರ್ಜಿಗೋಳು ತಗೊಳ್ಳೂ ದೊಡ್ಡ ಕೋನ್ ತಗೊಂಡು ಮಷಿನ್ನಿನ ಖಾಲಿ ಬಾಬಿನ್ನಿಗೆ ಸುತ್ಕೊಂಡು ಹಂಚ್ಕೊಂಡ್ರ ಅರ್ಧಕ್ಕರ್ಧ ಉಳೀತೈತಿ. ಬಿಳಿ, ಬೂದಿಬಣ್ಣ ಎರಡ ಸಾಕು, ಬೂದಿಬಣ್ಣ ಎಲ್ಲಾ ಅರಿವಿ ಮ್ಯಾಲೂ ಕೂಡ್ತೈತಿ. ಕೈಲೆ ಟಾಕಿ ಹಾಕೋರು ಎರಡೆಳಿ ಮಾಡಿ ಮೇಣದ ಮ್ಯಾಲ ಒಂದ್ಸಲ ಎಳ್ಕೊರಿ, ಗಂಟು ಬೀಳಂಗಿಲ್ಲ.

ನಡುವಿನ ಪದರಕ್ಕ ಫೈಬರ್ ಶೀಟು ಹಾಕ್ರಿ ಅಂತ ಭಾಳ ಮಂದಿ ಹೇಳ್ತಾರ, ಮೀಟರ್ ಲೆಕ್ಕ ಅದು ಅರಿವಿಕಿಂತ ಜಾಸ್ತಿ ಬೀಳ್ತೈತಿ, ಮತ್ತ ನಮ್ಮ ಹುಬ್ಬಳ್ಳಿ ಧಾರವಾಡದ ಹವಾಕ್ಕ ಅಷ್ಟು ಬೆಚ್ಚಗ ಬೇಕಾಗಿಲ್ಲ. ಹಳೆ ಬೆಡ್‌ಶೀಟು, ಧೋತರ, ಕಾಟನ್ ಸೀರಿ ಎರಡು ಮೂರು ಪದರ ಹಾಕ್ರಿ. ಹರದಲ್ಲೆ ತ್ಯಾಪಿ ಹಚ್ರಿ, ಒಳಗ ಯಾರು ನೋಡ್ತಾರ. ನಮ್ಮ ಐದು ಮನಿಗೋಳಲ್ಲೆ ಯಾರ ಮನ್ಯಾಗ ಹಳೆ ಬೆಡ್‌ಶೀಟು ಹೊರಬಿದ್ರೂ ಮೊದ್ಲ ಯಾರ ಕೌದಿ ನಡದೈತೋ ಅವ್ರಿಗೆ ಹೋಗ್ತೈತಿ. ತೂಕ ಮಾತ್ರ ನೋಡ್ಕೊರಿ, ಮಾನೌಮಿ ಮುಂದ ಹಾಸಿಗಿ ಹೊದಿಕಿ ಎಲ್ಲಾ ಒಗಿಯೂವಾಗ ಏಳೆಂಟು ಪದರದ ಕೌದಿ ಹಸಿಯಾದ್ರ ಇಬ್ರು ಹಿಡದ್ರೂ ಏಳಂಗಿಲ್ಲ.

ಹಳಿಯಾಳದವ್ರ ಪದ್ಧತಿ ಹೇಳ್ತೀನಿ ಅಂದಿದ್ದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಣ್ಮಕ್ಕಳು ಹೊಲಿಯೂ ಕವಂದಿ ಅನ್ನೂ ಕೌದಿ ಇವ್ರು ಸಣ್ಣಾಕಿದ್ದಾಗ ನೋಡಿ ಕಲ್ತದ್ದು. ಅದರಾಗ ಚೌಕ ಕತ್ತರಿಸೂದ ಇಲ್ಲ. ಕೆಳಗ ಒಂದು ಸೀರಿ ಹಾಸಿ, ಒಂದು ಮೂಲಿಯಿಂದ ಚಾಲೂ ಮಾಡಿ, ಕೈಗೆ ಸಿಕ್ಕ ತುಂಡಿನ ಅಂಚು ಒಳಗ ಮಡಚಿ ಇಟ್ಟು ಎಲ್ಲಾ ಪದರಕ್ಕೂ ಕೂಡಿಸಿ ಟಾಕಿ ಹಾಕ್ಕೋತ, ಅಂಚಿನಗುಂಟ ಸುತ್ತಿ ಸುತ್ತಿ ನಡುವಿಗೆ ಬರೂದು. ತುಂಡು ಯಾವ ಆಕಾರದಾಗ ಇದ್ರೂ ನಡೀತೈತಿ, ಸಣ್ಣ ಚೂರು ದೊಡ್ಡದರ ಮ್ಯಾಲ ಕುಂಡರ್ತೈತಿ, ಒಂದು ಎಳಿನೂ ದಂಡ ಆಗಂಗಿಲ್ಲ. ಕಡೀಕ ನಾಕು ಮೂಲಿಗೂ ಮುಕ್ಕೋಣ ಮಡಚಿದ ಫುಲಾ ಅಂತ ಹಚ್ತಾರ, ಅದಿಲ್ಲ ಅಂದ್ರ ಕವಂದಿ ಬೆತ್ತಲ ಇದ್ದಂಗ ಅಂತಾರಂತ. ನಾ 450 ರೂಪಾಯಿ ಮ್ಯಾಲ ಕೊಟ್ಟು ಕಟರಿನ್ಯಾಗ ಪಾಲು ತಗೊಂಡೆ, ಇವ್ರು ಒಂದು ಸೂಜಿ, ನಾವು ಬಿಟ್ಟ ಚೂರು ಇಟ್ಕೊಂಡು ಹೊಲದ ಕವಂದಿ ನೋಡಿದ್ರ ಕಣ್ಣು ತುಂಬ್ತಾವ. ರೊಕ್ಕ ಪೂರಾ ಇಲ್ಲದೋರು, ಹೊಸದಾಗಿ ಕಲಿಯೋರು ಈ ಪದ್ಧತಿಯಿಂದ ಚಾಲೂ ಮಾಡ್ರಿ ಅಂತ ನನ್ನ ಸಲಹೆ, ಕಟರು ಮ್ಯಾಟು ಆಮ್ಯಾಲ ನೋಡ್ಕೊಂಡ್ರಾತು.

ಕಟರ್ ತಗೊಳ್ಳೂವಾಗ ಇವ್ರು 450 ಕೊಡಾಕ ಆಗಂಗಿಲ್ಲ ಅಂತ ಹಿಂದ ಸರದಿದ್ರು, ಮನೆಯವ್ರು ತೀರ್ಕೊಂಡಾರ, ಮಗನ ಪಗಾರದಾಗ ಸಂಸಾರ ನಡೀತೈತಿ. ನಾವು ಅಂದ್ವಿ, ಆಯಿ, ನೀವು ರೊಕ್ಕ ಕೊಡಬ್ಯಾಡ್ರಿ, ಅಂಚಿನ ಟಾಕಿ ಹಾಕೂದು ನಮಗ ಕಲಿಸ್ರಿ, ಅದ ನಿಮ್ಮ ಪಾಲು ಅಂತ. ಮೂಲಿಮನಿ ಹುಡುಗಿ ಅವ್ರ ಹತ್ರ ಮೂರು ತಿಂಗಳು ಕಲ್ತು ಈಗ ಕೂಸಿನ ದುಬಟಿಗೆ ಕೈಟಾಕಿ ಹಾಕಿ ಮಾರ್ತಾಳ, ಮಷಿನ್ ಹೊಲಿಗಿಯದಕ್ಕಿಂತ ಒಂದಕ್ಕ 150 ರೂಪಾಯಿ ಜಾಸ್ತಿ ಬರ್ತೈತಿ. ಅವರ 450ರಾಗ ನಾವು ನಾಕೂ ಮಂದಿ ಸುಮಾರು 112 ರೂಪಾಯಿ ಹೆಚ್ಚಿಗಿ ಹಾಕ್ಕೊಂಡ್ವಿ, ಅದನ್ನ ಅವ್ರು ಬಡ್ಡಿ ಸಮೇತ ಮುಟ್ಟಿಸ್ಯಾರ ಅಂತ ನನ್ನ ಲೆಕ್ಕ.

ಅಂಗಡಿಗೆ ಮತ್ತ ಬಂದ್ರ, ಕುಂದು ಇಲ್ಲ ಅನ್ನಂಗಿಲ್ಲ. ಗೋಣಿ ಸಮೇತ ತೂಗ್ತಾರ, ಅಂದ್ರ ಮುನ್ನೂರು ಗ್ರಾಂ ಗೋಣಿಗೂ ಅರಿವಿ ರೇಟು, ಕೇಳಿದ್ರ 20 ರೂಪಾಯಿ ಬಿಡ್ತಾರ, ಕೇಳದಿದ್ರ ಬಿಡಂಗಿಲ್ಲ. ರಸೀದಿ ಕೊಡಂಗಿಲ್ಲ. ಮಳಿಗಾಲದಾಗ ಹಿಂದಿನ ಗ್ವಾಡಿ ಹಸಿ ಇರ್ತೈತಿ, ಆ ಕಡೆ ಇಟ್ಟ ಗಂಟು ತಗೋಬ್ಯಾಡ್ರಿ, ಕೈಯಾಗ ಒತ್ತಿ ಮೂಗಿಗೆ ಹಿಡದು ನೋಡ್ರಿ. ಗಂಟು ಬಿಚ್ಚಂಗಿಲ್ಲ ಅಂದ್ರೂ ಹೊಲಿಗಿ ಸಂದ್ಯಾಗ ಬೆರಳು ಹಾಕಿ ಮುಟ್ಟಿ ನೋಡಾಕ ಬಿಡ್ತಾರ, ಒರಟ ಹತ್ತಿದ್ರ ಜೀನ್ಸ್ ಜಾಸ್ತಿ ಅಂತ ತಿಳ್ಕೊರಿ. ವಯಸ್ಸಾದವ್ರಿಗೆ ನೆಲಕ್ಕ ಕುಂತು ಆರಿಸೂದು ತ್ರಾಸ, ಒಂದು ಸ್ಟೂಲ್ ಇಡ್ರಿ ಅಂತ ಎರಡು ಸಲ ಹೇಳೇನಿ, ಇನ್ನೂ ಇಟ್ಟಿಲ್ಲ.

ಸ್ಟಾರ್ ಕೊಡ್ರಿ ಅಂದ್ರ, ಬಿಡಿ ಅರಿವಿಗೆ 5ಕ್ಕ 4, ಗಂಟು ಒಬ್ಬರ ತಗೊಂಡ್ರ 2, ಐದು ಮಂದಿ ಕೂಡಿ ತಗೊಂಡ್ರ ಪೂರಾ 5. ಮುಂಜಾನೆ ಹತ್ತೂವರಿಗೆ ಹೋಗ್ರಿ, ಮಧ್ಯಾಹ್ನ ಆತಂದ್ರ ದರ್ಜಿಗೋಳು ಬಂದು ಚೌಕಡಿ ಅರಿವಿ ಎಲ್ಲಾ ಆರಿಸ್ಕೊಂಡು ಹೋಗಿರ್ತಾರ. ಕೈಚೀಲ ನೀವ ಒಯ್ರಿ, ಚಿಲ್ಲರ ರೊಕ್ಕ ಇರಲಿ. ನಾವು ಮುಂದಿನ ಗಂಟು ಬ್ಯಾಸಗಿ ಚಾಲೂ ಆಗೂದ್ರಾಗ ತರೂರು, ಒಗದ ಅರಿವಿ ಆಗ ಒಂದ ದಿನಕ್ಕ ಒಣಗ್ತಾವ, ಆಯಿಯ ಮೊಮ್ಮಗಳ ಲಗ್ನ ಮೇ ತಿಂಗಳಾಗ ಐತಿ, ಆ ಕವಂದಿಗೆ ಈ ಸಲ ದೊಡ್ಡ ತುಂಡೂ ಮೊದ್ಲ ಅವ್ರ ಆರಿಸ್ಕೊಳ್ಳೂದು ಅಂತ ನೋಟ್‌ಬುಕ್ಕಿನ್ಯಾಗ ಬರದಿಟ್ಟೇವಿ.